ನ್ಯಾಸವಾಗಿ ಕೊಟ್ಟ ಖಡ್ಗ

ಕಳೆದ ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಉತ್ತಮ ತ್ಯಾಗದ ದಿನ, ಮೇಲವಂಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಂದಿನಂತೆ ಸ್ವಾಧ್ಯಾಯ ನಡೆದಿತ್ತು. ಪಂಪ ಮಹಾಕವಿಯ ಆದಿಪುರಾಣದಿಂದ ಭರತ-ಬಾಹುಬಲಿಗಳ ಪ್ರಸಂಗವನ್ನು ಓದಿ ಅರ್ಥ ಹೇಳುವ ಸರದಿ ಅಂದು ನನ್ನದಾಗಿತ್ತು. ಓದು ಮುಗಿದು ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟಾಗ, ಸೇನೆಯಲ್ಲಿ ಹದಿನೇಳು ವರ್ಷ ದುಡಿದು ನಿವೃತ್ತನಾಗಿ ಈಗ ಕಬ್ಬು ಬೆಳೆಯುತ್ತಿರುವ ನಮ್ಮ ಬಂಧುವೊಬ್ಬ ಒಂದು ಪ್ರಶ್ನೆಯನ್ನೆತ್ತಿದ.

“ಕಾಕಾ, ಮೂರೂ ಯುದ್ಧದಾಗ ಗೆದ್ದಾವ ಬಾಹುಬಲಿ. ಅಣ್ಣ ಮಾತು ಮುರಿದು ಚಕ್ರ ಬಿಟ್ಟ. ಅಂಥಾವನ ಕೈಯಾಗ ರಾಜ್ಯ ಬಿಟ್ಟು ಅಡವಿಗೆ ಹೋಗೂದು ಸರಿ ಏನ್ರಿ? ನಮ್ಮ ದೇಶದಾಗೂ ಹಂಗ ಆಗೇತಿ. ರೊಕ್ಕಾ ಹಂಚಿ ಆರಿಸಿ ಬರ್ತಾರ. ಐದು ವರ್ಷ ಮಿಲಿಟರಿಯವರ ಕೈಗೆ ಕೊಟ್ರ ಎಲ್ಲಾ ನೆಟ್ಟಗಾಗತೈತಿ. ಆಮ್ಯಾಲೆ ಬೇಕಾದ್ರ ಚುನಾವಣೆ ಮಾಡಲಿ.”

ಕುಳಿತವರಲ್ಲಿ ಅನೇಕರು ತಲೆದೂಗಿದರು. ಈ ಮಾತು ಹೊಸದಲ್ಲ. ಅಡತಿ ಅಂಗಡಿಗಳ ಗಾದಿಯ ಮೇಲೆ, ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ ನಾವೆಲ್ಲರೂ ಕೇಳಿದ್ದೇವೆ, ಕೆಲವೊಮ್ಮೆ ಆಡಿಯೂ ಇದ್ದೇವೆ. ಆದರೆ ಅದನ್ನು ಬಾಹುಬಲಿಯ ಕಥೆಗೆ ಜೋಡಿಸಿ ಕೇಳಿದ್ದು ನನಗೆ ಹೊಸದು. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಆ ಋಣವನ್ನು ಈ ಲೇಖನದಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವುದು ಅನೇಕಾಂತವಾದಿಗಳಾದ ನಮ್ಮ ಕರ್ತವ್ಯ. ಪ್ರಜಾಪ್ರಭುತ್ವವೆಂಬುದು ಪ್ರಜೆಗಳ ಸೊತ್ತು. ಆ ಸೊತ್ತನ್ನು ಆಳುವವರೇ ಕದಿಯುತ್ತಿದ್ದರೆ, ಬಲವುಳ್ಳ ಕಾವಲುಗಾರನು ಕೈಕಟ್ಟಿ ನಿಲ್ಲಬೇಕೆ? ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ನಿಷಿದ್ಧವಾದರೂ, ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ನಮ್ಮ ಆಚಾರ್ಯರು ಗೃಹಸ್ಥಧರ್ಮದ ಮಿತಿಯೊಳಗೆ ಸಹಿಸಿದ್ದಾರೆ. ಹಾಗಿದ್ದಲ್ಲಿ ಕೆಟ್ಟ ಸರಕಾರವನ್ನು ಸೇನೆ ಕಿತ್ತೊಗೆಯುವುದು ಸಮಾಜದ ಆತ್ಮರಕ್ಷಣೆಯೇ ಅಲ್ಲವೆ? ವಾಣಿಜ್ಯದ ವಿದ್ಯಾರ್ಥಿಯಾಗಿದ್ದ ನನಗೆ ಇನ್ನೊಂದು ಆಧಾರವೂ ನೆನಪಾಗುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 189ನೆಯ ಕಲಮಿನ ಪ್ರಕಾರ, ತುರ್ತು ಸಂದರ್ಭದಲ್ಲಿ ಏಜಂಟನು ಯಜಮಾನನನ್ನು ನಷ್ಟದಿಂದ ಕಾಪಾಡಲು, ವಿವೇಕಿಯಾದವನು ತನ್ನ ಸ್ವಂತದ ವಿಷಯದಲ್ಲಿ ಮಾಡುವ ಎಲ್ಲವನ್ನೂ ಮಾಡಬಹುದು. ರೈತನು ನನ್ನ ಅಂಗಡಿಯಲ್ಲಿಟ್ಟ ಬೆಲ್ಲ ಮಳೆಗೆ ಕರಗತೊಡಗಿದರೆ, ಅವನನ್ನು ಕೇಳಲು ಸಮಯವಿಲ್ಲದಿದ್ದರೆ, ನಾನು ಅದನ್ನು ಮಾರಬಹುದು. ಕ್ಷಿಪ್ರಕ್ರಾಂತಿಯ ಸಮರ್ಥಕರು ಹೇಳುವುದೂ ಇದನ್ನೇ: ದೇಶ ಕರಗುತ್ತಿದೆ, ಕೇಳಲು ಸಮಯವಿಲ್ಲ.

ಇದು ದುರ್ಬಲವಾದ ವಾದವಲ್ಲ. ಆದರೂ ತಪ್ಪಾದ ವಾದ. ಎಲ್ಲಿ ತಪ್ಪಿತೆಂಬುದನ್ನು ಕಾಣಲು ಕಾವ್ಯಕ್ಕೆ ಹಿಂದಿರುಗೋಣ.

ಆದಿಪುರಾಣವು 941ರಲ್ಲಿ ಪೂರ್ಣಗೊಂಡ ಕೃತಿ. ಪಂಪನಿಗೆ ಜಿನಸೇನಾಚಾರ್ಯರ ಪೂರ್ವಪುರಾಣವೇ ಆಕರ. ಆ ಕಾಲದಲ್ಲಿ ಪ್ರಜಾಪ್ರಭುತ್ವವಿರಲಿಲ್ಲ. ಬಾಹುಬಲಿಯು ಯಾರ ಸೇನಾಪತಿಯೂ ಅಲ್ಲ, ಪೌದನಪುರದ ಸ್ವತಂತ್ರ ಅರಸ. ಆದುದರಿಂದ ಕಾವ್ಯದಿಂದ ನೇರವಾಗಿ ಇಂದಿನ ರಾಜಕೀಯ ಸೂತ್ರವನ್ನು ಹಿಂಡಿ ತೆಗೆಯುವುದು ಸಲ್ಲದು. ಆದರೆ ಬಲವುಳ್ಳವನು ಬಲವನ್ನು ಎಲ್ಲಿಯವರೆಗೆ ಬಳಸಬಹುದೆಂಬ ಪ್ರಶ್ನೆ ಎರಡಕ್ಕೂ ಸಮಾನವಾಗಿದೆ.

ನಮ್ಮ ವ್ಯಾಖ್ಯಾನಕಾರರು ಈ ಪ್ರಸಂಗವನ್ನು ಸಾಮಾನ್ಯವಾಗಿ ಬಾಹುಬಲಿಯ ವೈರಾಗ್ಯದ ಕಥೆಯೆಂದು ಓದುತ್ತಾರೆ. ಅದು ಸರಿಯೇ. ಆದರೆ ಅದಕ್ಕೂ ಮುಂಚೆ ನಡೆಯುವ ಒಂದು ಸಂಗತಿಯ ಮೇಲೆ ಅವರು ನಿಲ್ಲುವುದಿಲ್ಲ. ಎರಡೂ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಮುಂದೆ ಬಂದು, ಇವರಿಬ್ಬರೂ ಚರಮದೇಹಿಗಳು, ಇವರಿಗೆ ಅಪಾಯವಿಲ್ಲ, ಸಾಯುವವರು ಸೈನಿಕರು ಮಾತ್ರ ಎಂದು ಹೇಳಿ ಧರ್ಮಯುದ್ಧವನ್ನು ಗೊತ್ತುಮಾಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಆ ಕ್ಷಣದಿಂದ ಸೈನ್ಯವು ನಿರ್ಣಾಯಕ ಶಕ್ತಿಯಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ. ವಿವಾದವು ಒಪ್ಪಿದ ನಿಯಮದಂತೆ ತೀರ್ಮಾನವಾಗುತ್ತದೆ. ಸೋತ ಭರತನು ಕ್ರೋಧದಿಂದ ಚಕ್ರವನ್ನು ಪ್ರಯೋಗಿಸಿದಾಗ ಅವನು ಮುರಿದದ್ದು ಈ ನಿಯಮವನ್ನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ಅವನ ಬಳಿಯೇ ನಿಲ್ಲುತ್ತದೆ.

ನಮ್ಮ ಸೈನಿಕ ಬಂಧುವಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಎದುರಾಳಿ ನಿಯಮ ಮುರಿದಿದ್ದಾನೆ. ಆಯುಧ ತನ್ನ ಪಕ್ಕದಲ್ಲಿದೆ. ನ್ಯಾಯವೂ ತನ್ನ ಕಡೆಗಿದೆ. ಈಗ ಅಯೋಧ್ಯೆಯ ಸಿಂಹಾಸನವನ್ನೇರಿದರೆ ತಪ್ಪೇನು? ಬಾಹುಬಲಿ ಏರುವುದಿಲ್ಲ. ಅಣ್ಣತಮ್ಮಂದಿರನ್ನು ಹಗೆಗಳನ್ನಾಗಿಸಿದ ರಾಜ್ಯಲಕ್ಷ್ಮಿಯೇ ಅವನಿಗೆ ಹೇಸಿಗೆಯಾಗುತ್ತಾಳೆ. ಇದನ್ನು ರಣದಿಂದ ಪಲಾಯನವೆಂದು ತಿಳಿಯಬಾರದು. ಅವನು ಅನ್ಯಾಯಕ್ಕೆ ಮಣಿಯಲಿಲ್ಲ, ಎದುರಿಸಿ ಗೆದ್ದ. ಪಂಪನು ನಮಗೆ ತೋರಿಸುವುದು ಎರಡು ಬೇರೆ ಕ್ರಿಯೆಗಳನ್ನು. ಅನ್ಯಾಯವಾದ ಆಜ್ಞೆಗೆ ತಲೆಬಾಗದಿರುವುದು ಒಂದು. ಬಲದಿಂದ ಒದಗಿದುದನ್ನು ತನ್ನದಾಗಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಬಾಹುಬಲಿ ಮಾಡಿದ, ಎರಡನೆಯದನ್ನು ಮಾಡಲಿಲ್ಲ. ಮೊದಲನೆಯದು ಸರಿಯಾದ ಮಾತ್ರಕ್ಕೆ ಎರಡನೆಯದೂ ಸರಿಯೆಂದು ಭಾವಿಸುವುದೇ ಕ್ಷಿಪ್ರಕ್ರಾಂತಿಯ ಸಮರ್ಥಕರ ಪ್ರಮಾದ. ವಿರೋಧೀ ಹಿಂಸೆಯು ಮನೆಗೆ ನುಗ್ಗಿದವನನ್ನು ತಡೆಯಲು ಮಿತಿಯಾದ ಅವಕಾಶ ಕೊಡುತ್ತದೆ. ತಡೆದವನಿಗೆ ಮನೆಯನ್ನು ಬರೆದುಕೊಡುವುದಿಲ್ಲ.

ಈ ಭೇದವನ್ನು ನಮ್ಮ ಶ್ರಾವಕಾಚಾರ ಬಹು ಸೂಕ್ಷ್ಮವಾಗಿ ಗುರುತಿಸಿದೆ. ಕೊಡದುದನ್ನು ತೆಗೆದುಕೊಳ್ಳುವುದು ಕಳವು. ಅದು ಅಚೌರ್ಯಾಣುವ್ರತಕ್ಕೆ ವಿರುದ್ಧ. ಆದರೆ ನಂಬಿ ಇಟ್ಟುದನ್ನು ನುಂಗುವ ನ್ಯಾಸಾಪಹಾರವನ್ನು ತತ್ತ್ವಾರ್ಥಸೂತ್ರವು ಕಳವಿನ ಅತಿಚಾರಗಳಲ್ಲಿ ಹೇಳದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಹೇಳಿದೆ. ಇದೇಕೆಂದು ನಾನು ಬಹುಕಾಲ ಯೋಚಿಸಿದ್ದೇನೆ. ನನಗೆ ತೋರುವ ಅರ್ಥವಿಷ್ಟು: ಕಳ್ಳನು ಪರರ ವಸ್ತುವನ್ನು ಪರರದೆಂದು ತಿಳಿದೇ ಒಯ್ಯುತ್ತಾನೆ. ನ್ಯಾಸವನ್ನು ನುಂಗುವವನು ಮೊದಲು ಒಂದು ಸುಳ್ಳನ್ನು ಹೇಳಬೇಕಾಗುತ್ತದೆ, ವಸ್ತು ಯಾರದೆಂಬ ವಿಷಯದಲ್ಲಿ. ಸೇನೆಯ ಕೈಯಲ್ಲಿರುವ ಖಡ್ಗ ಪ್ರಜೆಗಳು ಗಡಿ ಕಾಯಲೆಂದು ನ್ಯಾಸವಾಗಿ ಕೊಟ್ಟದ್ದು. ಅದೇ ಖಡ್ಗವನ್ನು ಕೊಟ್ಟವರ ಕಡೆಗೇ ತಿರುಗಿಸಿ, “ನಿಮ್ಮ ರಕ್ಷಣೆಗಾಗಿಯೇ” ಎನ್ನುವಲ್ಲಿ ಮೊದಲು ಸಾಯುವುದು ಸತ್ಯ. ಪಾಕಿಸ್ತಾನದ ಆಯೂಬ್ ಖಾನರು 1959ರಲ್ಲಿ ಜಾರಿಗೆ ತಂದ ವ್ಯವಸ್ಥೆಯ ಹೆಸರೇ “ಮೂಲ ಪ್ರಜಾಪ್ರಭುತ್ವ” ಎಂಬುದನ್ನು ಇಲ್ಲಿ ನೆನೆಯಬಹುದು.

ಕನ್ನಡ ನಾಡಿನ ಇತಿಹಾಸದಲ್ಲಿ ಈ ನ್ಯಾಸವನ್ನು ಕಾಯ್ದವರೂ ಇದ್ದಾರೆ, ಮುರಿದವರೂ ಇದ್ದಾರೆ. ಗಂಗರ ಮಾರಸಿಂಹನ ಬಳಿಕದ ಗೊಂದಲದ ವರ್ಷಗಳಲ್ಲಿ ಸೈನ್ಯದ ಬಲವೆಲ್ಲ ಚಾವುಂಡರಾಯನ ಕೈಯಲ್ಲಿತ್ತು. ಗಂಗರಾಜ್ಯ ಕ್ಷೀಣಿಸುತ್ತಿತ್ತು, ಅರಸ ರಾಚಮಲ್ಲನಿಗಿಂತ ಮಂತ್ರಿಯೂ ಸೇನಾನಿಯೂ ಆದ ಚಾವುಂಡರಾಯನೇ ಸಮರ್ಥನೆಂದು ಅಂದು ಅನೇಕರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ಅವನು ಸಿಂಹಾಸನದ ಕಡೆಗೆ ಕೈಚಾಚಲಿಲ್ಲ. 978ರಲ್ಲಿ ತ್ರಿಷಷ್ಟಿಶಲಾಕಾಪುರುಷರ ಪುರಾಣವನ್ನು ಗದ್ಯದಲ್ಲಿ ಬರೆದ. ವಿಂಧ್ಯಗಿರಿಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ. ಸೇನಾಪತಿಯೊಬ್ಬನು ಕಡೆಯಿಸಲು ಆರಿಸಿಕೊಂಡದ್ದು ಗೆದ್ದೂ ರಾಜ್ಯವನ್ನೊಲ್ಲದವನ ಮೂರ್ತಿಯನ್ನು. ಮಹಾಮಸ್ತಕಾಭಿಷೇಕಕ್ಕೆ ಹೋಗಿ ಬರುವ ನಮ್ಮಲ್ಲಿ ಎಷ್ಟು ಜನ ಈ ದೃಷ್ಟಿಯಿಂದ ಆ ಮೂರ್ತಿಯನ್ನು ನೋಡಿದ್ದೇವೆ?

ಇನ್ನೊಂದು ಪಕ್ಷಕ್ಕೆ ಮೈಸೂರು ಸಾಕ್ಷಿ. ಅಲ್ಲಿಯ ದಳವಾಯಿಗಳು 18ನೆಯ ಶತಮಾನದಲ್ಲಿ ಅರಸರನ್ನು ಕಾಯುವವರಾಗಿದ್ದು ಅರಸರನ್ನು ಮಾಡುವವರಾದರು. ತಾವೇ ಪಟ್ಟಕ್ಕೆ ತಂದಿದ್ದ ಚಾಮರಾಜ ಒಡೆಯರನ್ನು ದಳವಾಯಿ ದೇವರಾಜಯ್ಯನವರು 1734ರಲ್ಲಿ ಸೆರೆಗೆ ತಳ್ಳಿ, ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಕುಳ್ಳಿರಿಸಿದರು. ಅಧಿಕಾರವೆಲ್ಲ ದೇವರಾಜಯ್ಯ, ನಂಜರಾಜಯ್ಯ ಸೋದರರದಾಯಿತು. ಆದರೆ ಖಡ್ಗವೇ ಅಧಿಕಾರದ ಪತ್ರವಾದ ಮೇಲೆ, ಹೆಚ್ಚು ಹರಿತವಾದ ಖಡ್ಗದವನಿಗೂ ಅದೇ ಪತ್ರ ಸಲ್ಲುತ್ತದೆ. ನಂಜರಾಜಯ್ಯನವರ ಕೈಕೆಳಗೆ ಮೇಲೆ ಬಂದ ಹೈದರ್ ಅಲಿ 1761ರಲ್ಲಿ ರಾಜ್ಯಸೂತ್ರವನ್ನು ತನ್ನ ಕೈಗೆ ತೆಗೆದುಕೊಂಡ. ಅರಸರಿಂದ ಕಸಿದವರಿಂದ ಇನ್ನೊಬ್ಬ ಕಸಿದ. ಹೈದರನ ಸಾಮರ್ಥ್ಯ ಎಂಥದೆಂಬುದು ಬೇರೆ ಚರ್ಚೆ. ದಳವಾಯಿಗಳು ಅವನನ್ನು ಪ್ರಶ್ನಿಸುವ ನೈತಿಕ ಅಧಿಕಾರವನ್ನು 27 ವರ್ಷ ಮೊದಲೇ ಕಳೆದುಕೊಂಡಿದ್ದರೆಂಬುದಷ್ಟೇ ನಮಗೆ ಪ್ರಸ್ತುತ.

ಅವು ರಾಜರ ಕಾಲದ ಮಾತು, ಇಂದಿನ ಸೇನಾನಿಗಳು ಚುನಾವಣೆ ನಡೆಸಿ ಹಿಂದಿರುಗುವುದಾಗಿ ವಚನ ಕೊಡುತ್ತಾರಲ್ಲ ಎಂದು ಕೇಳಬಹುದು. ವಚನಗಳ ಲೆಕ್ಕವನ್ನು ನೋಡೋಣ. ಪಾಕಿಸ್ತಾನದಲ್ಲಿ 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಅವರು ಸಂವಿಧಾನವನ್ನು ರದ್ದುಪಡಿಸಿ ಸೇನಾಪತಿ ಆಯೂಬ್ ಖಾನರ ಕೈಗೆ ಸೇನಾಡಳಿತವನ್ನೊಪ್ಪಿಸಿದರು. ಇಪ್ಪತ್ತೇ ದಿನಗಳಲ್ಲಿ ಅದೇ ಸೇನಾಪತಿ ಮಿರ್ಜಾ ಅವರನ್ನೇ ಹೊರದೂಡಿದರು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಯಶಸ್ವಿಯಾದ ಕ್ರಾಂತಿಯೇ ಕಾನೂನಿನ ಮೂಲವಾಗುತ್ತದೆಂದು ಒಪ್ಪಿತು. 1977ರ ಜುಲೈ 5ರಂದು ಅಧಿಕಾರ ಹಿಡಿದ ಜನರಲ್ ಜಿಯಾ ಉಲ್ ಹಕ್ 90 ದಿನಗಳಲ್ಲಿ ಚುನಾವಣೆಯೆಂದರು. 1988ರಲ್ಲಿ ವಿಮಾನಾಪಘಾತದಲ್ಲಿ ಮರಣಿಸುವವರೆಗೆ ಗದ್ದುಗೆಯನ್ನು ಬಿಡಲಿಲ್ಲ. ಬರ್ಮಾದ ನಿದರ್ಶನ ಇನ್ನೂ ವಿಚಾರಾರ್ಹ. ಅಲ್ಲಿ 1958ರಲ್ಲಿ ಪ್ರಧಾನಿ ಊ ನು ಅವರೇ ಜನರಲ್ ನೆ ವಿನ್ ಅವರಿಗೆ ತಾತ್ಕಾಲಿಕ ಆಡಳಿತವನ್ನು ವಹಿಸಿದರು. ಜನರಲ್ ಅವರು ಮಾತಿನಂತೆ 1960ರಲ್ಲಿ ಚುನಾವಣೆ ನಡೆಸಿ ಅಧಿಕಾರವನ್ನು ಹಿಂದಿರುಗಿಸಿದರು. ಇದಕ್ಕಿಂತ ಪ್ರಾಮಾಣಿಕ ನಿದರ್ಶನ ದೊರೆಯದು. ಆದರೆ 1962ರ ಮಾರ್ಚ್ 2ರಂದು ಅದೇ ಜನರಲ್, ಈ ಬಾರಿ ಯಾರೂ ಕರೆಯದೆಯೇ ಬಂದರು. 2021ರ ಫೆಬ್ರುವರಿ 1ರಂದು ಅದೇ ದೇಶದ ಸೇನೆ ಚುನಾವಣೆಯಲ್ಲಿ ಮೋಸವಾಗಿದೆಯೆಂಬ ಕಾರಣ ಕೊಟ್ಟು, ಒಂದು ವರ್ಷದ ಅವಧಿ ಹೇಳಿ ಅಧಿಕಾರ ಹಿಡಿಯಿತು. ಆ ಅವಧಿ ಮತ್ತೆ ಮತ್ತೆ ಬೆಳೆಯಿತು, ದೇಶ ಅಂತರ್ಯುದ್ಧದಲ್ಲಿ ಬಿದ್ದಿತು.

ಈಗ ಕರಗುವ ಬೆಲ್ಲದ ದೃಷ್ಟಾಂತಕ್ಕೆ ಬರೋಣ. ರೈತನನ್ನು ಕೇಳದೆ ನಾನು ಬೆಲ್ಲ ಮಾರಿದರೆ ಆ ಕಾಯಿದೆ ನನ್ನನ್ನು ರಕ್ಷಿಸುತ್ತದೆ, ನಿಜ. ಆದರೆ ಮರುದಿನ ರೈತ ಬಂದು ಪಟ್ಟಿ ಕೇಳುತ್ತಾನೆ. ದರ ಕಡಿಮೆಯೆನಿಸಿದರೆ ಜಗಳವಾಡುತ್ತಾನೆ, ಪಂಚರ ಬಳಿ ಒಯ್ಯುತ್ತಾನೆ, ನ್ಯಾಯಾಲಯಕ್ಕೆ ಎಳೆಯುತ್ತಾನೆ. ತುರ್ತಿನಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನಾನಲ್ಲ. ಕ್ಷಿಪ್ರಕ್ರಾಂತಿಯಲ್ಲಿ ಯಜಮಾನರು ಪ್ರಜೆಗಳು. ಅವರು ಲೆಕ್ಕ ಕೇಳುವ ಸ್ಥಳಗಳು ಸಂಸತ್ತು, ಪತ್ರಿಕೆ, ನ್ಯಾಯಾಲಯ, ಮತಪೆಟ್ಟಿಗೆ. ಅಧಿಕಾರ ಹಿಡಿದ ಸೇನೆ ಮೊದಲು ಬೀಗ ಹಾಕುವುದು ಅಥವಾ ಬಗ್ಗಿಸುವುದು ಇವುಗಳನ್ನೇ. ಬೆಲ್ಲ ಮಾರಿದವನೇ ರೈತನ ಬಾಯಿಗೆ ಬಟ್ಟೆ ತುರುಕಿ, “ಲೆಕ್ಕ ಸರಿಯಾಗಿದೆ” ಎಂದು ತಾನೇ ಸಹಿ ಹಾಕಿಕೊಂಡಂತೆ. ತುರ್ತಿನ ನ್ಯಾಯ ಅಲ್ಲಿಗೆ ಮುರಿದುಬೀಳುತ್ತದೆ.

ಹಾಗಾದರೆ ಸೈನಿಕನಿಗೆ ಅಂತಃಸಾಕ್ಷಿಯೇ ಇರಬಾರದೆ? ಇರಲೇಬೇಕು. ಅದಕ್ಕೆ ನಮ್ಮ ನಾಡಿನವರೇ ಆದ ಜನರಲ್ ಕೆ. ಎಸ್. ತಿಮ್ಮಯ್ಯನವರು ಉದಾಹರಣೆ. ಮಡಿಕೇರಿಯಲ್ಲಿ ಹುಟ್ಟಿ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಅವರಿಗೂ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು. 1959ರ ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಬರೆದರು. ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಹಿಂತೆಗೆದುಕೊಂಡರು. ಸೆಪ್ಟೆಂಬರ್ 2ರಂದು ನೆಹರೂ ಅವರು ಲೋಕಸಭೆಯಲ್ಲಿ ನಾಗರಿಕ ಅಧಿಕಾರವೇ ಪರಮವೆಂದು ಸ್ಪಷ್ಟಪಡಿಸಿದರು. ಸೇನಾಪತಿಯ ಬಗ್ಗೆ ಕಟುವಾಗಿಯೂ ಮಾತಾಡಿದರು. ಪಕ್ಕದ ದೇಶದಲ್ಲಿ ಸೇನಾಪತಿ ಗದ್ದುಗೆಯೇರಿ ಆಗ ವರ್ಷವೂ ತುಂಬಿರಲಿಲ್ಲ. ಜನಪ್ರಿಯತೆ, ಸೈನಿಕರ ಪ್ರೀತಿ, ನೊಂದುಕೊಳ್ಳಲು ಕಾರಣ, ಎಲ್ಲವೂ ತಿಮ್ಮಯ್ಯನವರಿಗಿದ್ದವು. ಅವರು ಬಳಸಿದ್ದು ಲೇಖನಿಯನ್ನು. ಅವಮಾನವನ್ನು ನುಂಗಿ 1961ರವರೆಗೆ ಕೆಲಸ ಮಾಡಿ ನಿವೃತ್ತರಾದರು. 1962ರಲ್ಲಿ ಚೀನಾದೆದುರು ಸೋಲಾದಾಗ ಜನರಲ್ ಹೇಳಿದ್ದು ಸರಿಯಾಗಿತ್ತೆಂದು ಜನ ಮಾತಾಡಿಕೊಂಡರು. ಸರಿಯಾಗಿಯೇ ಇದ್ದಿರಬಹುದು. ಒಂದು ವಿಷಯದಲ್ಲಿ ಸರಿಯಾಗಿರುವುದು ದೇಶವನ್ನಾಳಲು ಪರವಾನಗಿಯಲ್ಲವೆಂದು ಅವರು ಬಲ್ಲವರಾಗಿದ್ದರು. ಆ ಸೋಲಿನ ಬೆಲೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಕೃಷ್ಣ ಮೆನನ್ ಅವರನ್ನು ಆ ಸ್ಥಾನದಿಂದ ಇಳಿಸಿದ್ದು ಬಂದೂಕಲ್ಲ. ಸಂಸತ್ತಿನ ಮತ್ತು ಸಾರ್ವಜನಿಕರ ಒತ್ತಡ.

ಆಳುವವರೇ ಪ್ರಜಾಪ್ರಭುತ್ವವನ್ನು ಕಟ್ಟಿಹಾಕಿದರೆ ಏನೆಂಬ ಕಠಿಣತಮ ಪ್ರಶ್ನೆಗೂ ನಮ್ಮ ದೇಶ ಉತ್ತರಿಸಿದೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾದಾಗ ನಾನು ಹೈಸ್ಕೂಲು ವಿದ್ಯಾರ್ಥಿ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿಯೇ ಬಂಧನಕ್ಕೊಳಗಾದರು. ಅದೇ ದಿನ ದಿಲ್ಲಿಯಲ್ಲಿ ಜಯಪ್ರಕಾಶ ನಾರಾಯಣರು, ಕಾನೂನುಬಾಹಿರ ಆಜ್ಞೆಗಳನ್ನು ಪಾಲಿಸಬೇಡಿರೆಂದು ಸೇನೆ ಮತ್ತು ಪೊಲೀಸರಿಗೆ ಕರೆಕೊಟ್ಟಿದ್ದರು. ಅದನ್ನು ದಂಗೆಯ ಕರೆಯೆಂದು ಸರಕಾರ ಬಣ್ಣಿಸಿತು. ಜೆ.ಪಿ. ಅವರು ಕೇಳಿದ್ದು ಅಧರ್ಮದ ಆಜ್ಞೆಯ ನಿರಾಕರಣೆಯನ್ನು. ಅಧಿಕಾರವನ್ನು ಹಿಡಿಯಿರಿ ಎಂದಲ್ಲ. ನಾನು ಬಾಹುಬಲಿಯಲ್ಲಿ ಕಂಡ ಭೇದವೇ ಇದು. ಸ್ವತಂತ್ರ ಭಾರತದಲ್ಲಿ “ಪ್ರಜಾಪ್ರಭುತ್ವ ರಕ್ಷಣೆಗಾಗಿ” ಸೇನೆ ಹೊರಬರಬಹುದಾಗಿದ್ದ ಗಳಿಗೆಯೊಂದಿದ್ದರೆ ಅದು ಆ 21 ತಿಂಗಳು. ಸೇನೆ ತನ್ನ ಸ್ಥಾನದಲ್ಲಿ ನಿಂತಿತು. 1977ರ ಮಾರ್ಚ್‌ನಲ್ಲಿ ಜನರೇ ಮತಪೆಟ್ಟಿಗೆಯಿಂದ ಆ ಕಟ್ಟನ್ನು ಬಿಚ್ಚಿದರು. ಮರುವರ್ಷ ನಮ್ಮ ಚಿಕ್ಕಮಗಳೂರಿನ ಮತದಾರರು ಇಂದಿರಾ ಗಾಂಧಿಯವರನ್ನೇ ಲೋಕಸಭೆಗೆ ಕಳುಹಿಸಿದರು. ಸೋಲಿಸಲೂ ಮರಳಿ ಗೆಲ್ಲಿಸಲೂ ಸಾಧ್ಯವಾದುದು ಸಿಂಹಾಸನವನ್ನು ಯಾರೂ ಖಡ್ಗದಿಂದ ಮುಟ್ಟದ್ದರಿಂದ.

ಅನೇಕಾಂತದ ದೃಷ್ಟಿಯಿಂದ ಒಂದು ಅಪವಾದವನ್ನು ಮರೆಮಾಚಬಾರದು. ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್ 25ರಂದು ತರುಣ ಸೇನಾಧಿಕಾರಿಗಳು ದಶಕಗಳ ಸರ್ವಾಧಿಕಾರವನ್ನು ಉರುಳಿಸಿದರು. ಸರಿಯಾಗಿ ಒಂದು ವರ್ಷಕ್ಕೆ ಸಂವಿಧಾನ ಸಭೆಯ ಚುನಾವಣೆ ನಡೆಯಿತು. ಇದು ಶ್ಲಾಘನೀಯ. ಆದರೆ ಅಲ್ಲಿ ರಕ್ಷಿಸಲು ಪ್ರಜಾಪ್ರಭುತ್ವವಿರಲಿಲ್ಲ. ಪ್ರಜೆಗಳ ಸೊತ್ತನ್ನು ಹಿಂದೆಯೇ ಕಸಿದುಕೊಂಡವರಿಂದ ಅದನ್ನು ಬಿಡಿಸಿ ಕೊಟ್ಟರು. ಜನ ಮತ ನೀಡಿ ಆರಿಸಿದ, ಮತ್ತೆ ಮತ ನೀಡಿ ಇಳಿಸಬಹುದಾದ ಸರಕಾರವನ್ನು ಕೆಡವುವುದಕ್ಕೆ ಆ ದೃಷ್ಟಾಂತ ಸಲ್ಲದು. ಅಷ್ಟಾದರೂ ಅಲ್ಲಿ ಸೇನೆಯ ಕ್ರಾಂತಿಮಂಡಲಿ ರಾಜ್ಯವ್ಯವಸ್ಥೆಯಿಂದ ಪೂರ್ಣವಾಗಿ ಸರಿಯಲು 1982ರವರೆಗೆ ಕಾಯಬೇಕಾಯಿತು.

ದೂರದ ದೇಶಗಳ ಮಾತು ಸಾಕು. ನಮ್ಮ ಮನೆಬಾಗಿಲಿನದೊಂದು ಅನುಭವವನ್ನು ಹೇಳುತ್ತೇನೆ. ಊರು-ಹೆಸರು ಬೇಡ. ಒಂದು ಬಸದಿಯ ವಿಶ್ವಸ್ಥ ಮಂಡಲಿಯಲ್ಲಿ ಜಗಳ ಮಿತಿಮೀರಿತ್ತು. ಕೋಶಾಧಿಕಾರಿಗಳಾಗಿದ್ದ ಹಿರಿಯರು, ಸಂಸ್ಥೆ ಉಳಿಯಲೆಂದು ಬೀಗದಕೈ, ದಫ್ತರ, ಬ್ಯಾಂಕಿನ ಪುಸ್ತಕಗಳನ್ನು ತಮ್ಮಲ್ಲೇ ಇಟ್ಟುಕೊಂಡು ಸಭೆ ಕರೆಯುವುದನ್ನು ನಿಲ್ಲಿಸಿದರು. ನಾನೂ ಅವರನ್ನು ಬೆಂಬಲಿಸಿದವನೇ. ವ್ಯಾಪಾರಿಗಳಾದ ನಮಗೆ ಗದ್ದಲವಿಲ್ಲದ ಪೇಟೆ ಪ್ರಿಯ. ಗದ್ದಲ ನಿಲ್ಲಿಸಿದವನನ್ನು ಯಾವ ಅಧಿಕಾರದಿಂದ ನಿಲ್ಲಿಸಿದೆಯೆಂದು ನಾವು ಕೇಳುವುದಿಲ್ಲ. ಹನ್ನೊಂದು ವರ್ಷಗಳ ಬಳಿಕ ಅವರು ತೀರಿಕೊಂಡಾಗ ಲೆಕ್ಕ ನೋಡಿದ್ದು ನಾನೇ. ಒಂದು ಪೈಸೆಯೂ ಕಡಿಮೆಯಿರಲಿಲ್ಲ. ಆದರೆ ಸಭೆ ಕರೆದರೆ ಬಂದವರು ನಾಲ್ವರು. ಠರಾವು ಬರೆಯುವುದು ತರುಣರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಜಗಳವಾಡಿ ಮತ್ತೆ ಒಂದಾಗುವ ವಿದ್ಯೆಯೇ ಮರೆತುಹೋಗಿತ್ತು. ಪ್ರಾಮಾಣಿಕನಾದ ಆಕ್ರಮಣಕಾರನೂ ಎಂಥ ಹಾನಿ ಮಾಡಬಲ್ಲನೆಂಬುದನ್ನು ನಾನು ಅಂದು ತಿಳಿದೆ. ತಿಜೋರಿಯೊಳಗಿನ ಸೊತ್ತು ಉಳಿದಿತ್ತು. ಸೊತ್ತಿನ ಒಡೆಯರು ಒಡೆತನವನ್ನೇ ಮರೆತಿದ್ದರು.

ಆದುದರಿಂದ ನನ್ನ ಬಂಧುವಿಗೆ ನನ್ನ ಉತ್ತರವಿದು. ಹಣ ಹಂಚಿ ಆರಿಸಿ ಬರುತ್ತಾರೆಂಬ ಅವನ ನೋವು ನಿಜವಾದದ್ದು. ಆದರೆ ಹಂಚುವ ಹಣಕ್ಕೆ ಕೈಯೊಡ್ಡುವವರು ನಾವು, ಎಷ್ಟೋ ಸಲ ಆ ಹಣವನ್ನು ಒದಗಿಸುವವರೂ ನಾವೇ. ಆ ರೋಗಕ್ಕೆ ಔಷಧ ನಮ್ಮ ಅಣುವ್ರತಗಳಲ್ಲಿದೆ, ಶಸ್ತ್ರಾಗಾರದಲ್ಲಿಲ್ಲ. ಈ ಮಾತನ್ನು ಮೊನ್ನೆ ಅವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಕಾಕಾ, ಸೇನೆ ಸೇರುವಾಗ ನಮ್ಮ ಕಡಿಂದ ಸಂವಿಧಾನಕ್ಕ ನಿಷ್ಠರಾಗಿರ್ತೀವಿ ಅಂತ ಆಣಿ ಮಾಡಿಸಿದ್ರು. ಅದನ್ನ ಮರತಿದ್ದೆ ನೋಡ್ರಿ,” ಎಂದ. ಪೂರ್ತಿ ಒಪ್ಪಿದನೆಂದು ನಾನು ಹೇಳಲಾರೆ. ಬರುವ ದಶಲಕ್ಷಣ ಪರ್ವದಲ್ಲಿ ಅದೇ ಪ್ರಸಂಗವನ್ನು ಓದುವ ಸರದಿ ಅವನದು. ವಿಶ್ವಸ್ಥ ಮಂಡಲಿಗಳ ಬಂಧುಗಳು ಅಷ್ಟರೊಳಗೆ ತಮ್ಮ ತಮ್ಮ ಬಸದಿಗಳ ವಾರ್ಷಿಕ ಸಭೆಯನ್ನು ಕರೆದು, ಲೆಕ್ಕವನ್ನು ಸಮಾಜದ ಮುಂದೆ ಓದಿದರೆ ಈ ಲೇಖನದ ಶ್ರಮ ಸಾರ್ಥಕ.